ಕಳಂಕ ಹೊತ್ತ ಆಟಗಾರರು ಮತ್ತು ಎಗ್ಮೋರ್‌ಗೆ ಬಂದ ಒಂದು ಪ್ರತಿಮೆ

ಇದು ಈ ವಾರದ ಮಾತಿನ ಬರಹ ರೂಪ. ವಿಡಿಯೋದಲ್ಲಿ ಓಡಿಸಿಕೊಂಡು ಹೋದ ಕೆಲವು ವಿಷಯಗಳನ್ನ ಇಲ್ಲಿ ಸ್ವಲ್ಪ ನಿಧಾನವಾಗಿ ಬಿಡಿಸಿ ಬರೆದಿದ್ದೀನಿ.

ಮೊದಲು ಒಂದು ಪಂದ್ಯ ನೆನಪಿಸಿಕೊಳ್ಳಿ. 1996ರ ಮಾರ್ಚ್ 9, ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ, ವಿಶ್ವಕಪ್ ಕ್ವಾರ್ಟರ್ ಫೈನಲ್, ಭಾರತ–ಪಾಕಿಸ್ತಾನ. ಆಮಿರ್ ಸೊಹೈಲ್ ಬೌಂಡರಿ ಹೊಡೆದು ಬ್ಯಾಟ್ ತೋರಿಸಿ ಕೆಣಕಿದ್ದು, ಮುಂದಿನ ಎಸೆತದಲ್ಲೇ ನಮ್ಮ ವೆಂಕಟೇಶ್ ಪ್ರಸಾದ್ ಸ್ಟಂಪ್ ಎಗರಿಸಿದ್ದು. ಮೂವತ್ತು ದಾಟಿದ ಯಾವ ಕನ್ನಡಿಗನನ್ನ ಎಬ್ಬಿಸಿ ಕೇಳಿದರೂ ಈ ಕಥೆ ನಿದ್ದೆಗಣ್ಣಲ್ಲೇ ಹೇಳ್ತಾನೆ. ಭಾರತ 39 ರನ್‌ಗಳಿಂದ ಗೆದ್ದಿತು.

ಈಗ ಅದೇ ಪಂದ್ಯವನ್ನ ಇನ್ನೊಂದು ಕಡೆಯಿಂದ ನೋಡಿ. ಆ ದಿನ ಭಾರತದ ನಾಯಕ ಮೊಹಮ್ಮದ್ ಅಜರುದ್ದೀನ್. ಕೊನೆಯಲ್ಲಿ ಬಂದು 25 ಎಸೆತದಲ್ಲಿ 45 ಚಚ್ಚಿದವರು ಅಜಯ್ ಜಡೇಜಾ. ಪಾಕಿಸ್ತಾನದ ಪರ ಆಡಿದವರಲ್ಲಿ ಸಲೀಂ ಮಲಿಕ್ ಒಬ್ಬರು. 2000ನೇ ಇಸವಿ ಮುಗಿಯೋ ಹೊತ್ತಿಗೆ ಈ ಮೂವರೂ ಮ್ಯಾಚ್ ಫಿಕ್ಸಿಂಗ್ ಹಗರಣದಲ್ಲಿ ನಿಷೇಧಕ್ಕೆ ಒಳಗಾಗಿದ್ದರು. ಅಜರ್‌ಗೆ ಆಜೀವ, ಮಲಿಕ್‌ಗೆ ಆಜೀವ, ಜಡೇಜಾಗೆ ಐದು ವರ್ಷ. ಮುಂದೆ ಆ ಮೂರೂ ನಿಷೇಧಗಳು ಬೇರೆ ಬೇರೆ ಕೋರ್ಟುಗಳಲ್ಲಿ ಬಿದ್ದುಹೋದವು.

ಆ ಬೆಂಗಳೂರು ಪಂದ್ಯದ ಮೇಲೆ ನಾನು ಯಾವ ಅನುಮಾನವನ್ನೂ ಎಸೀತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ನಾನು ಕೇಳ್ತಿರೋದು ಬೇರೆ. ಆ ಸಂಜೆಯ ಸಂತೋಷವನ್ನ ನಾವೀಗ ಏನು ಮಾಡಬೇಕು? ಆ ಆಟಗಾರರ ಫೋಟೋ ಗೋಡೆ ಮೇಲೆ ಇರಬೇಕಾ, ಇಳಿಸಬೇಕಾ?

ಹಾಲ್ ಆಫ್ ಫೇಮ್ ಅನ್ನೋ ಮಾತು ಬಂದಾಗ ಇದೇ ಜಗಳ. ನಮ್ಮಲ್ಲಿ ಎಲ್ಲ ಆಟಗಳಿಗೂ ಸೇರಿ ಒಂದು ದೊಡ್ಡ ಗೋಡೆ ಇಲ್ಲ. ಅದರ ಬದಲು ಸ್ಟೇಡಿಯಂ ಸ್ಟ್ಯಾಂಡಿಗೆ ಹೆಸರಿಡ್ತೀವಿ, ಸರ್ಕಲ್ಲಿಗೆ ಹೆಸರಿಡ್ತೀವಿ, ಸೈಟು ಕೊಡ್ತೀವಿ, ಪ್ರಶಸ್ತಿ ಕೊಡ್ತೀವಿ, ಶಾಲು ಹೊದಿಸಿ ಮೈಸೂರು ಪೇಟ ತೊಡಿಸ್ತೀವಿ. ಹೆಸರು ಕೆಟ್ಟ ಮೇಲೆ ಅದೆಲ್ಲ ಏನಾಗಬೇಕು ಅಂತ ಮಾತ್ರ ಯಾರೂ ಬರೆದಿಟ್ಟಿಲ್ಲ.

ಈ ಪ್ರಶ್ನೆಗೆ ನನಗೆ ಸಿಕ್ಕ ಅತ್ಯಂತ ಒಳ್ಳೆಯ ಉತ್ತರ ಕ್ರೀಡೆಯಿಂದ ಬಂದದ್ದಲ್ಲ. ಅದು ಸಿಕ್ಕಿದ್ದು ಚೆನ್ನೈನ ಎಗ್ಮೋರ್‌ನಲ್ಲಿ.

ಮೌಂಟ್ ರೋಡಿನಿಂದ ಎಗ್ಮೋರ್‌ಗೆ

ಚೆನ್ನೈನಲ್ಲಿ ಕೆಲಸ ಮಾಡೋ ಕರಾವಳಿ ಕಡೆಯವರಿಗೆ ಎಗ್ಮೋರ್ ಅಂದರೆ ಮಂಗಳೂರು ಎಕ್ಸ್‌ಪ್ರೆಸ್. ಉಳಿದವರಿಗೆ ಬಿರಿಯಾನಿ ಇರಬಹುದು, ಕಣ್ಣಾಸ್ಪತ್ರೆ ಇರಬಹುದು. ಅಲ್ಲೇ ಪ್ಯಾಂಥಿಯನ್ ರೋಡಿನಲ್ಲಿ ಸರ್ಕಾರಿ ಮ್ಯೂಸಿಯಂ ಇದೆ. 1851ರಲ್ಲಿ ಶುರುವಾದ ಸಂಸ್ಥೆ. ಚೋಳರ ಕಂಚಿನ ವಿಗ್ರಹ, ಅಮರಾವತಿಯ ಶಿಲ್ಪ ನೋಡೋಕೆ ಜನ ಅಲ್ಲಿಗೆ ಹೋಗ್ತಾರೆ. ಆ ಸಂಗ್ರಹದಲ್ಲಿ ಒಬ್ಬ ಬ್ರಿಟಿಷ್ ಸೇನಾಧಿಕಾರಿಯ ಪ್ರತಿಮೆಯೂ ಇದೆ. ಹೆಸರು ಜೇಮ್ಸ್ ನೀಲ್.

ನೀಲ್ ಮದ್ರಾಸ್ ಫ್ಯುಸಿಲಿಯರ್ಸ್ ಪಡೆಯವನು. 1857ರ ದಂಗೆಯಲ್ಲಿ ಅಲಹಾಬಾದ್ ಮತ್ತು ಕಾನ್ಪುರದಲ್ಲಿ ಅವನು ನಡೆಸಿದ ಸಾಮೂಹಿಕ ಗಲ್ಲು, ಊರು ಸುಡುವಿಕೆ, ಅವಮಾನದ ಶಿಕ್ಷೆಗಳು ಎಷ್ಟು ಕ್ರೂರವಾಗಿದ್ದವು ಅಂದರೆ, ಬ್ರಿಟಿಷ್ ಇತಿಹಾಸಕಾರರೇ ಅದರ ಬಗ್ಗೆ ಮುಜುಗರದಿಂದ ಬರೆದಿದ್ದಾರೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಲಖ್ನೋದಲ್ಲಿ ಸತ್ತ. ಆಗಿನ ಸರ್ಕಾರದ ಕಣ್ಣಿಗೆ ಅವನು ಹೀರೋ. ಹಾಗಾಗಿ 1860ರ ದಶಕದಲ್ಲಿ ಮದ್ರಾಸಿನ ಮೌಂಟ್ ರೋಡಿನಲ್ಲಿ ಎತ್ತರದ ಪೀಠದ ಮೇಲೆ ಅವನ ಪ್ರತಿಮೆ ನಿಂತಿತು.

1927ರಲ್ಲಿ ಅದನ್ನ ತೆಗೀಬೇಕು ಅಂತ ಸತ್ಯಾಗ್ರಹ ನಡೆಯಿತು. ಯುವಕರು ಸುತ್ತಿಗೆ ಹಿಡಿದು ಹೋಗಿ ಜೈಲು ಸೇರಿದರು. ಆ ವರ್ಷ ಮದ್ರಾಸಿಗೆ ಬಂದಿದ್ದ ಗಾಂಧೀಜಿಯೂ ಅವರ ಬೆನ್ನಿಗೆ ನಿಂತರು. ಆದರೆ ಪ್ರತಿಮೆ ಅಲುಗಲಿಲ್ಲ. ಹತ್ತು ವರ್ಷ ಆದ ಮೇಲೆ, 1937ರಲ್ಲಿ ರಾಜಾಜಿ ಸರ್ಕಾರ ಬಂದಾಗ ಅದನ್ನ ರಸ್ತೆಯಿಂದ ತೆಗೆದರು. ಕೊನೆಗೆ ಅದು ಸೇರಿದ್ದು ಎಗ್ಮೋರ್ ಮ್ಯೂಸಿಯಂಗೆ.

ಇಲ್ಲಿ ಗಮನಿಸಬೇಕಾದ್ದು ಏನು ಗೊತ್ತಾ? ಅವರು ಅದನ್ನ ಕರಗಿಸಲಿಲ್ಲ. ಸಮುದ್ರಕ್ಕೆ ಎಸೆಯಲಿಲ್ಲ. ಪೀಠದಿಂದ ಇಳಿಸಿದರು, ಆದರೆ ಉಳಿಸಿಕೊಂಡರು. ಪೀಠದ ಮೇಲಿದ್ದಾಗ ಆ ಪ್ರತಿಮೆ ದಾರಿಹೋಕರಿಗೆ ‘ಇವನನ್ನ ನೋಡಿ ತಲೆ ಬಾಗಿಸಿ’ ಅಂತ ಹೇಳ್ತಿತ್ತು. ಮ್ಯೂಸಿಯಂನಲ್ಲಿ ಅದೇ ಪ್ರತಿಮೆ ‘ಹೀಗೊಬ್ಬ ಇದ್ದ, ಇಂಥವನನ್ನ ಹೊಗಳಿದ ಕಾಲವೂ ಒಂದಿತ್ತು’ ಅಂತ ಹೇಳುತ್ತೆ. ಲೋಹ ಒಂದೇ, ಮಾತು ಬೇರೆ.

ನಮ್ಮ ಐಟಿ ಭಾಷೆಯಲ್ಲೇ ಹೇಳೋದಾದರೆ, ಪ್ರೊಡಕ್ಷನ್‌ಗೆ ಕೆಟ್ಟ ಕೋಡ್ ಹೋದರೆ ರಿವರ್ಟ್ ಮಾಡ್ತೀವಿ. ಹಿಸ್ಟರಿ ಅಳಿಸಲ್ಲ. ಯಾರು, ಯಾವಾಗ, ಏನು ಹಾಕಿದರು, ಯಾಕೆ ತೆಗೆದೆವು ಅನ್ನೋದು ಲಾಗ್‌ನಲ್ಲಿ ಇರಲೇಬೇಕು. ಇಲ್ಲದಿದ್ದರೆ ಆರು ತಿಂಗಳಾದ ಮೇಲೆ ಇನ್ನೊಬ್ಬ ಬಂದು ಅದೇ ತಪ್ಪು ಮಾಡ್ತಾನೆ.

ಚೆಂಡು ಒಳಗೆ, ಹೆಸರು ಹೊರಗೆ

ಆಟಗಾರರನ್ನ ನೀಲ್ ಜೊತೆ ಹೋಲಿಸ್ತಿಲ್ಲ. ಅವನು ಮಾಡಿದ್ದು ಕೊಲೆ, ಇವರ ಮೇಲಿರೋದು ಆಟದ ತಪ್ಪು. ನನಗೆ ಬೇಕಾಗಿರೋದು ಪೀಠ ಮತ್ತು ಮ್ಯೂಸಿಯಂ ನಡುವಿನ ವ್ಯತ್ಯಾಸ ಅಷ್ಟೇ. ಕ್ರೀಡಾಲೋಕದಲ್ಲಿ ಈ ವ್ಯತ್ಯಾಸವನ್ನ ಕಟ್ಟಡದಲ್ಲೇ ಕಟ್ಟಿ ತೋರಿಸಿದವರು ಅಮೆರಿಕದ ಬೇಸ್‌ಬಾಲ್‌ನವರು.

ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಅನ್ನೋ ಸಣ್ಣ ಊರಲ್ಲಿ ಬೇಸ್‌ಬಾಲ್ ಹಾಲ್ ಆಫ್ ಫೇಮ್ ಇದೆ. ನ್ಯೂಜೆರ್ಸಿಯಲ್ಲಿರೋ ನಮ್ಮವರು ಕೆಲವರು ಮಕ್ಕಳನ್ನ ಕರಕೊಂಡು ಹೋಗಿರಬಹುದು. ಅದರಲ್ಲಿ ಎರಡು ಭಾಗ. ಒಂದು ಫಲಕಗಳ ಗ್ಯಾಲರಿ, ಅಲ್ಲಿ ಆಯ್ಕೆಯಾದವರ ಕಂಚಿನ ಮುಖಗಳು. ಇನ್ನೊಂದು ಮ್ಯೂಸಿಯಂ, ಅಲ್ಲಿ ಆಟದ ಇತಿಹಾಸ.

ಬ್ಯಾರಿ ಬಾಂಡ್ಸ್ ಸ್ಯಾನ್ ಫ್ರಾನ್ಸಿಸ್ಕೋದ ಆಟಗಾರ. 762 ಹೋಂ ರನ್, ಇವತ್ತಿಗೂ ದಾಖಲೆ. 2007ರಲ್ಲಿ 756ನೆಯದನ್ನ ಹೊಡೆದು ಹಳೇ ದಾಖಲೆ ಮುರಿದಾಗ, ಸ್ಟೆರಾಯ್ಡ್ ಆರೋಪ ಅವರ ಬೆನ್ನಿಗೆ ಅಂಟಿಕೊಂಡಿತ್ತು. ಆ ಚೆಂಡನ್ನ ಹರಾಜಿನಲ್ಲಿ ಕೊಂಡ ಫ್ಯಾಷನ್ ಉದ್ಯಮಿ ಮಾರ್ಕ್ ಎಕೋ, ಜನರಿಂದ ಮತ ಹಾಕಿಸಿ, ಅದರ ಮೇಲೆ ಒಂದು ನಕ್ಷತ್ರದ ಗುರುತು ಕೆತ್ತಿಸಿ ಮ್ಯೂಸಿಯಂಗೆ ಕೊಟ್ಟರು. ನಕ್ಷತ್ರದ ಗುರುತು ಅಂದರೆ ‘ಷರತ್ತು ಅನ್ವಯ’ ಅಂತ. ಮ್ಯೂಸಿಯಂ ಅದನ್ನ ತಗೊಂಡಿತು. ಬಾಂಡ್ಸ್ ಹೆಸರು ಮಾತ್ರ ಹತ್ತು ವರ್ಷ ಬರಹಗಾರರ ಮತಕ್ಕೆ ಹೋಗಿ, 2022ರಲ್ಲಿ ಕೊನೆಯ ಸಲವೂ ಬೇಕಾದ ಶೇಕಡಾ 75 ಸಿಗದೆ ಹೊರಗುಳಿಯಿತು. ಚೆಂಡು ಒಳಗೆ, ಹೆಸರು ಹೊರಗೆ.

ಪೀಟ್ ರೋಸ್ ಕಥೆ ಇನ್ನೂ ಹಳೆಯದು. 4,256 ಹಿಟ್‌ಗಳ ದಾಖಲೆ. ಕೋಚಿಂಗ್ ಜವಾಬ್ದಾರಿ ಇದ್ದಾಗ ತನ್ನದೇ ತಂಡದ ಪಂದ್ಯಗಳ ಮೇಲೆ ಬಾಜಿ ಕಟ್ಟಿದ್ದಕ್ಕೆ 1989ರಲ್ಲಿ ಶಾಶ್ವತ ನಿಷೇಧ. 2024ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. 2025ರ ಮೇ ತಿಂಗಳಲ್ಲಿ ಬೇಸ್‌ಬಾಲ್ ಕಮಿಷನರ್ ‘ಶಾಶ್ವತ ನಿಷೇಧ ಸಾವಿನೊಂದಿಗೆ ಮುಗಿಯುತ್ತದೆ’ ಅಂತ ತೀರ್ಮಾನ ಕೊಟ್ಟರು. ಅಂದರೆ ಈಗ ಅವರ ಹೆಸರನ್ನ ಪರಿಗಣಿಸಬಹುದು. ಬದುಕಿದ್ದಾಗ ಒಪ್ಪದ ಗೌರವವನ್ನ ಸತ್ತ ಮೇಲೆ ಕೊಟ್ಟರೆ ಅದು ನ್ಯಾಯವಾ, ಅಥವಾ ಬೇಸತ್ತು ಕೈಚೆಲ್ಲಿದ್ದಾ? ಅಮೆರಿಕದಲ್ಲೇ ಇನ್ನೂ ಜಗಳ ನಡೀತಿದೆ.

ನಮ್ಮ ಕಡೆಗೆ ಬರೋಣ. ಯಾರನ್ನ ಪೀಠದ ಮೇಲೆ ಇಡಬೇಕು, ಯಾರನ್ನ ಬರೀ ದಾಖಲೆಯಲ್ಲಿ ಇಡಬೇಕು ಅಂತ ನಿರ್ಧರಿಸೋಕೆ ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೀನಿ.

ಒಂದು: ಕಳಂಕ ಹಚ್ಚಿದ್ದು ಯಾರು, ಯಾವ ವಿಚಾರಣೆ ಮಾಡಿ?

ಎಗ್ಮೋರ್‌ನಲ್ಲೇ ಮೇಯರ್ ರಾಧಾಕೃಷ್ಣನ್ ಹಾಕಿ ಸ್ಟೇಡಿಯಂ ಇದೆ. 1996 ಮತ್ತು 2005ರ ಚಾಂಪಿಯನ್ಸ್ ಟ್ರೋಫಿ ನಡೆದದ್ದು ಅಲ್ಲಿ. 2007ರ ಸೆಪ್ಟೆಂಬರ್ 9ರಂದು ಏಷ್ಯಾ ಕಪ್ ಫೈನಲ್‌ನಲ್ಲಿ ಭಾರತ ದಕ್ಷಿಣ ಕೊರಿಯಾವನ್ನ 7–2ರಿಂದ ಸೋಲಿಸಿದ್ದೂ ಅಲ್ಲೇ. ಆಗ ‘ಚಕ್ ದೇ ಇಂಡಿಯಾ’ ಸಿನಿಮಾ ಬಂದು ಸರಿಯಾಗಿ ಒಂದು ತಿಂಗಳು. ದೇಶದ್ರೋಹಿ ಅಂತ ಹಣೆಪಟ್ಟಿ ಹಚ್ಚಿಸಿಕೊಂಡ ಹಾಕಿ ಆಟಗಾರ ಕೋಚ್ ಆಗಿ ಮರಳೋ ಕಥೆ. ಅದರ ನಟಿಯರಿಗೆ ಹಾಕಿ ಕಲಿಸಿದವರು ಮೀರ್ ರಂಜನ್ ನೇಗಿ.

ನೇಗಿ ಯಾರು? 1982ರ ಡಿಸೆಂಬರ್ 1, ದೆಹಲಿ ಏಷ್ಯನ್ ಗೇಮ್ಸ್ ಹಾಕಿ ಫೈನಲ್. ಪಾಕಿಸ್ತಾನದ ಎದುರು ಭಾರತ 1–7ರಿಂದ ಸೋತಿತು. ಗೋಲ್‌ಕೀಪರ್ ನೇಗಿ. ಎದುರಿಗೆ ಹಸನ್ ಸರ್ದಾರ್, ಕಲೀಮುಲ್ಲಾ ಇದ್ದ ತಂಡ, ಆ ಕಾಲದ ಜಗತ್ತಿನ ಅತ್ಯುತ್ತಮ ಮುನ್ಪಡೆ. ಆದರೂ ಮರುದಿನದಿಂದ ಎಲ್ಲ ಬಾಯಲ್ಲೂ ಒಂದೇ ಮಾತು: ನೇಗಿ ದುಡ್ಡು ತಗೊಂಡು ಗೋಲು ಬಿಟ್ಟ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂತಾರಲ್ಲ, ಹಾಗೆ. ಯಾವ ತನಿಖೆಯೂ ಅವರನ್ನ ತಪ್ಪಿತಸ್ಥ ಅಂತ ಹೇಳಲಿಲ್ಲ. ಬೇಕಾಗಿಯೂ ಇರಲಿಲ್ಲ. ಸೋಲೇ ಸಾಕ್ಷಿ, ಜನವೇ ನ್ಯಾಯಾಧೀಶರು.

ಅವರು ಮರಳಿದ್ದು ತರಬೇತುದಾರರಾಗಿ. 1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ಭಾರತ 32 ವರ್ಷಗಳ ನಂತರ ಹಾಕಿ ಚಿನ್ನ ಗೆದ್ದಾಗ ಗೋಲ್‌ಕೀಪಿಂಗ್ ಕೋಚ್ ನೇಗಿ. 2002ರಲ್ಲಿ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ನಮ್ಮ ಮಹಿಳೆಯರು ಚಿನ್ನ ಗೆದ್ದಾಗಲೂ ಅದೇ ಕೆಲಸ.

ಇಂಥವರಿಗೆ ‘ಕ್ಷಮೆ ಕೊಟ್ಟು ಗೌರವಿಸೋಣವೇ’ ಅಂತ ಕೇಳೋದೇ ತಪ್ಪು. ಕ್ಷಮಿಸೋಕೆ ಅಲ್ಲಿ ಅಪರಾಧವೇ ಇಲ್ಲ. ಕ್ಷಮೆ ಕೇಳಬೇಕಾದವರು ನಾವು.

ಎಗ್ಮೋರ್ ಪಕ್ಕದ ಪೆರಿಯಮೇಟ್‌ಗೆ ಬನ್ನಿ. ಜವಾಹರಲಾಲ್ ನೆಹರೂ ಸ್ಟೇಡಿಯಂ, ತಮಿಳುನಾಡು ಕ್ರೀಡಾ ಅಭಿವೃದ್ಧಿ ಪ್ರಾಧಿಕಾರದ ಕಚೇರಿ ಇರೋ ಜಾಗ. 2006ರ ದೋಹಾ ಏಷ್ಯನ್ ಗೇಮ್ಸ್‌ನ 800 ಮೀಟರ್ ಓಟದಲ್ಲಿ ಬೆಳ್ಳಿ ಗೆದ್ದ ಶಾಂತಿ ಸೌಂದರರಾಜನ್ ಪುದುಕೋಟೆ ಜಿಲ್ಲೆಯ ಬಡ ಕುಟುಂಬದವರು. ಗೆದ್ದ ಕೆಲವೇ ದಿನಗಳಲ್ಲಿ ಲಿಂಗ ಪರೀಕ್ಷೆಯಲ್ಲಿ ವಿಫಲ ಅಂತ ಪದಕ ಕಿತ್ತುಕೊಂಡರು. ಸುದ್ದಿಯನ್ನ ಟಿವಿಯಲ್ಲಿ ಊರಿಗೆಲ್ಲ ಕೇಳಿಸಿದರು. ಅವರು ಯಾವ ಔಷಧಿಯನ್ನೂ ತಗೊಂಡಿರಲಿಲ್ಲ, ಯಾರಿಗೂ ಮೋಸ ಮಾಡಿರಲಿಲ್ಲ. ಹುಟ್ಟಿದ ದೇಹದಲ್ಲೇ ಓಡಿದ್ದರು. ಮುಂದೆ ಆತ್ಮಹತ್ಯೆಗೆ ಪ್ರಯತ್ನಿಸಿದರು. 2012ರಲ್ಲಿ ಇಟ್ಟಿಗೆ ಗೂಡಿನಲ್ಲಿ ಕೂಲಿ ಮಾಡ್ತಿದ್ದ ಸುದ್ದಿ ಬಂತು. 2016ರಲ್ಲಿ ಅದೇ ಪ್ರಾಧಿಕಾರದಲ್ಲಿ ಕೋಚ್ ಹುದ್ದೆ ಸಿಕ್ಕಿತು. ಪದಕ ಮಾತ್ರ ವಾಪಸ್ ಬಂದಿಲ್ಲ.

ನಿಯಮ ಬದಲಾಗುತ್ತೆ, ವಿಜ್ಞಾನ ಬದಲಾಗುತ್ತೆ. ಮಹಿಳಾ ವಿಭಾಗದಲ್ಲಿ ಯಾರು ಓಡಬಹುದು ಅನ್ನೋ ಪ್ರಶ್ನೆ ಇವತ್ತಿಗೂ ಬಗೆಹರಿದಿಲ್ಲ, ಅದಕ್ಕೆ ಗಂಭೀರ ವಾದಗಳು ಎರಡೂ ಕಡೆ ಇವೆ. ಆದರೆ ಅರ್ಹತೆ ಇಲ್ಲ ಅನ್ನೋದು ಬೇರೆ, ಮೋಸಗಾರ್ತಿ ಅನ್ನೋದು ಬೇರೆ. ನಾವು ಮೊದಲನೆಯದನ್ನ ಹೇಳಿ ಎರಡನೆಯದರ ಶಿಕ್ಷೆ ಕೊಟ್ಟೆವು.

ಎರಡು: ಕಳಂಕ ಇರೋದು ಯಾವ ಸಾಧನೆಯ ಮೇಲೆ?

ಈಗ ಕಷ್ಟದ ಭಾಗ. ವಿಚಾರಣೆ ನಡೆದು, ತಪ್ಪು ಸಾಬೀತಾದವರದು.

ಎಗ್ಮೋರ್‌ನಿಂದ ಮಂಗಳೂರು ಎಕ್ಸ್‌ಪ್ರೆಸ್ ಹತ್ತೋ ಉಡುಪಿ, ದಕ್ಷಿಣ ಕನ್ನಡದವರಿಗೆ ಅಶ್ವಿನಿ ಅಕ್ಕುಂಜಿ ಮನೆಮಗಳು. ಕುಂದಾಪುರ ಕಡೆಯ ಸಿದ್ದಾಪುರದವರು. 2010ರ ಅಕ್ಟೋಬರ್‌ನಲ್ಲಿ ದೆಹಲಿ ಕಾಮನ್‌ವೆಲ್ತ್ ಗೇಮ್ಸ್‌ನ 4x400 ರಿಲೇ ಚಿನ್ನ. ನವೆಂಬರ್‌ನಲ್ಲಿ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ, ಜೊತೆಗೆ ರಿಲೇ ಚಿನ್ನ. ಊರಿಗೆ ಊರೇ ಮೆರವಣಿಗೆ ಮಾಡಿತು. 2011ರಲ್ಲಿ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಓಟಗಾರ್ತಿಯರಲ್ಲಿ ಅವರೂ ಒಬ್ಬರು. ಉಕ್ರೇನಿನ ಕೋಚ್ ಕೊಟ್ಟ ಜಿನ್ಸೆಂಗ್ ಮಾತ್ರೆಯಲ್ಲಿ ಕಲಬೆರಕೆ ಇತ್ತು ಅನ್ನೋದು ಅವರ ವಾದ. ಆ ಕೋಚನ್ನ ಸರ್ಕಾರ ವಜಾ ಮಾಡಿತು. ರಾಷ್ಟ್ರೀಯ ಶಿಸ್ತು ಸಮಿತಿ ಒಂದು ವರ್ಷ ನಿಷೇಧ ಹಾಕಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನ ಎರಡು ವರ್ಷಕ್ಕೆ ಏರಿಸಿತು. ಬಾಯಿಗೆ ಏನು ಹಾಕಿಕೊಳ್ತೀರಿ ಅನ್ನೋ ಜವಾಬ್ದಾರಿ ಆಟಗಾರರದ್ದೇ ಅನ್ನೋದು ಡೋಪಿಂಗ್ ಕಾನೂನಿನ ತಳಹದಿ.

2010ರ ಪದಕಗಳು ಅವರ ಹೆಸರಲ್ಲೇ ಇವೆ. ಯಾಕಂದರೆ ಸಿಕ್ಕಿಬಿದ್ದ ಮಾದರಿ 2011ರದು. ಇದು ಬರೀ ತಾಂತ್ರಿಕ ನೆಪ ಅಂತ ಕೆಲವರು ಅಂತಾರೆ. ನನಗೆ ಹಾಗನ್ನಿಸಲ್ಲ. ಈ ವಿಷಯದಲ್ಲಿ ನಮ್ಮ ಹಿರಿಯರು ನಮಗಿಂತ ಜಾಣರಿದ್ದರು.

ವೀರಗಲ್ಲು ನೋಡಿದ್ದೀರಲ್ಲ? ಕರ್ನಾಟಕದ ಯಾವ ಹಳ್ಳಿಗೆ ಹೋದರೂ ಒಂದು ಸಿಗುತ್ತೆ. ಅದೇ ನಮ್ಮ ಹಾಲ್ ಆಫ್ ಫೇಮ್. ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿ ಆತಕೂರಿನ ಕಲ್ಲಿದೆ, ಕ್ರಿ.ಶ. 949–50ರದು. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಅನ್ನೋ ನಾಯಿಗೆ ನಿಲ್ಲಿಸಿದ ಕಲ್ಲು. ಆ ಕಲ್ಲು ಹೇಳೋದು ಏನು? ಕಾಳಿ ಒಳ್ಳೆಯ ನಾಯಿಯಾಗಿತ್ತು, ಯಾರನ್ನೂ ಕಚ್ಚಿರಲಿಲ್ಲ ಅಂತಲ್ಲ. ಆ ದಿನ, ಆ ಹಂದಿಯ ಎದುರು, ಏನು ಮಾಡಿತು ಅಂತ. ವೀರಗಲ್ಲು ಗೌರವಿಸೋದು ಒಂದು ಕೆಲಸವನ್ನ. ಅದು ಇಡೀ ಬದುಕಿಗೆ ಕೊಟ್ಟ ನಡತೆಯ ಸರ್ಟಿಫಿಕೇಟ್ ಅಲ್ಲ.

ಹಾಗೆ ನೋಡಿದರೆ ಅಶ್ವಿನಿ ಫಲಕ ಬರೆಯೋದು ಕಷ್ಟವಲ್ಲ. ‘2010, ಗುವಾಂಗ್‌ಝೌ: ಎರಡು ಚಿನ್ನ. 2011: ಡೋಪಿಂಗ್ ಪರೀಕ್ಷೆಯಲ್ಲಿ ವಿಫಲ, ಎರಡು ವರ್ಷ ನಿಷೇಧ.’ ಎರಡೂ ಸಾಲು ಒಂದೇ ಅಕ್ಷರದ ಗಾತ್ರದಲ್ಲಿ. ಓದಿದವರು ತೀರ್ಮಾನ ಮಾಡಿಕೊಳ್ಳಲಿ.

ಎರಡನೇ ಸಾಲು ಯಾಕೆ ಬೇಕು ಅಂದರೆ, ಮೋಸದಲ್ಲಿ ಕಳಕೊಂಡವರು ನಿಜವಾದ ಮನುಷ್ಯರು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಮಿಶ್ರ ರಿಲೇಯಲ್ಲಿ ಭಾರತಕ್ಕೆ ಬಂದದ್ದು ಬೆಳ್ಳಿ. ಓಡಿದವರು ಮೊಹಮ್ಮದ್ ಅನಾಸ್, ನಮ್ಮ ಮಂಗಳೂರಿನ ಎಂ.ಆರ್. ಪೂವಮ್ಮ, ಹಿಮಾ ದಾಸ್, ತಮಿಳುನಾಡಿನ ಆರೋಕ್ಯ ರಾಜೀವ್. ಮೊದಲು ಬಂದ ಬಹ್ರೇನ್ ತಂಡದ ಓಟಗಾರ್ತಿ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದರು. 2020ರಲ್ಲಿ ನಮ್ಮ ಬೆಳ್ಳಿ ಚಿನ್ನವಾಯಿತು. ಆದರೆ ಜಕಾರ್ತಾದಲ್ಲಿ ಜನಗಣಮನ ಕೇಳಬೇಕಿದ್ದ ಆ ಒಂದು ನಿಮಿಷವನ್ನ ಯಾರು ವಾಪಸ್ ಕೊಡ್ತಾರೆ?

ಮುಂದಿನದು ಇನ್ನೂ ವಿಚಿತ್ರ. 2021ರಲ್ಲಿ ಕೊಟ್ಟ ಮಾದರಿಯಲ್ಲಿ ನಿಷೇಧಿತ ಉದ್ದೀಪಕ ಸಿಕ್ಕಿದ್ದಕ್ಕೆ 2022ರಲ್ಲಿ ಮೇಲ್ಮನವಿ ಸಮಿತಿ ಪೂವಮ್ಮ ಅವರಿಗೇ ಎರಡು ವರ್ಷ ನಿಷೇಧ ಹಾಕಿತು. ಬೇರೆಯವರ ಡೋಪಿಂಗ್‌ನಿಂದ ಮೋಸಹೋದವರೂ ಅವರೇ, ಡೋಪಿಂಗ್ ಪಟ್ಟಿ ಸೇರಿದವರೂ ಅವರೇ. ಅವರನ್ನ ‘ಒಳ್ಳೆಯವರು’ ಅಥವಾ ‘ಕೆಟ್ಟವರು’ ಅನ್ನೋ ಡಬ್ಬಿಯಲ್ಲಿ ಹಾಕೋಕೆ ಹೋದರೆ ಎರಡೂ ಸುಳ್ಳಾಗುತ್ತೆ. ಇಸವಿ ಹಾಕಿ ಬರೆದರೆ ಮಾತ್ರ ನಿಜವಾಗುತ್ತೆ.

ಐಸಿಸಿ ಹಾಲ್ ಆಫ್ ಫೇಮ್ ಕೂಡ ಒಂದು ರೀತಿಯಲ್ಲಿ ಹೀಗೇ ನಡಕೊಂಡಿದೆ. ಅನಿಲ್ ಕುಂಬ್ಳೆ 2015ರಲ್ಲಿ, ರಾಹುಲ್ ದ್ರಾವಿಡ್ 2018ರಲ್ಲಿ ಅದಕ್ಕೆ ಸೇರಿದರು. ಅವರಿಗಿಂತ ಮೊದಲು 2013ರಲ್ಲಿ ಸೇರಿದ ಶೇನ್ ವಾರ್ನ್, 2003ರಲ್ಲಿ ನಿಷೇಧಿತ ಮಾತ್ರೆ ತಗೊಂಡಿದ್ದಕ್ಕೆ ಒಂದು ವರ್ಷ ಆಟದಿಂದ ಹೊರಗಿದ್ದವರು. ಶಿಕ್ಷೆ ಅನುಭವಿಸಿ ಬಂದವರಿಗೆ ಬಾಗಿಲು ತೆರೆದೇ ಇತ್ತು.

ವಾರ್ನ್‌ಗೆ ತೆರೆದ ಬಾಗಿಲು ನಮ್ಮ ಬಾಕ್ಸರ್ ಅಮಿತ್ ಪಂಘಲ್‌ಗೆ ಮುಚ್ಚಿತ್ತು. 2012ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ಸೀತಾಳೆ ಸಿಡುಬಿನ ಚಿಕಿತ್ಸೆ ಸಮಯದಲ್ಲಿ ತಗೊಂಡ ಔಷಧಿಯಿಂದ ಡೋಪಿಂಗ್‌ನಲ್ಲಿ ಸಿಕ್ಕಿ ಒಂದು ವರ್ಷ ಹೊರಗಿದ್ದರು. 2018ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದು ಬಂದರೂ ಆ ಹಳೇ ಕಡತ ಅಡ್ಡ ಬಂದು ಅರ್ಜುನ ಪ್ರಶಸ್ತಿ ತಪ್ಪಿತು. ಶಿಕ್ಷೆ ಮುಗಿದ ಮೇಲೂ ಮುಗಿಯದ ಶಿಕ್ಷೆ ಇದು. ಜೈಲಿನಿಂದ ಬಂದವನಿಗೆ ಊರಲ್ಲಿ ನೀರು ಕೊಡದ ಹಾಗೆ.

ಮೂರು: ಫಲಕ ಹಾಕ್ತಿರೋದು ಯಾರು?

ಮತ್ತೆ ಅಜರುದ್ದೀನ್. ಚೆನ್ನೈನವರಿಗೆ ನೆನಪಿರಲಿ, ಮೊದಲ ಮೂರು ಟೆಸ್ಟ್‌ಗಳಲ್ಲೂ ಶತಕ ಹೊಡೆದ ಅವರ ವಿಶ್ವದಾಖಲೆಯ ಎರಡನೇ ಶತಕ ಬಂದದ್ದು 1985ರ ಜನವರಿಯಲ್ಲಿ, ಚೆಪಾಕ್‌ನಲ್ಲಿ, 105 ರನ್. ಒಟ್ಟು 99 ಟೆಸ್ಟ್, 22 ಶತಕ. ಆ ಮಣಿಕಟ್ಟಿನ ಆಟ ನೋಡಿದವರು ಇವತ್ತಿಗೂ ಕೈ ತಿರುಗಿಸಿ ತೋರಿಸ್ತಾರೆ. 2000ದ ಡಿಸೆಂಬರ್‌ನಲ್ಲಿ ಬಿಸಿಸಿಐ ಆಜೀವ ನಿಷೇಧ ಹಾಕಿತು. 2012ರ ನವೆಂಬರ್‌ನಲ್ಲಿ ಆಂಧ್ರಪ್ರದೇಶ ಹೈಕೋರ್ಟ್ ಆ ನಿಷೇಧ ಕಾನೂನುಬದ್ಧವಲ್ಲ ಅಂತ ತೀರ್ಪು ಕೊಟ್ಟಿತು.

ಕೋರ್ಟಿನಲ್ಲಿ ಗೆದ್ದರೆ ಅಲ್ಲಿಗೆ ಮುಗೀತಾ? ಇಲ್ಲೊಂದು ಸೂಕ್ಷ್ಮ ಇದೆ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್‌ನ ಫಿಕ್ಸಿಂಗ್ ಪ್ರಕರಣ ಬಂತಲ್ಲ, ಅದರಲ್ಲಿ 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದ್ದು ಇದು: ಮ್ಯಾಚ್ ಫಿಕ್ಸಿಂಗ್ ದಂಡಸಂಹಿತೆಯ 420ನೇ ಸೆಕ್ಷನ್ನಿನ ವಂಚನೆ ಆಗಲ್ಲ, ಶಿಸ್ತುಕ್ರಮ ಕೈಗೊಳ್ಳೋ ಅಧಿಕಾರ ಬಿಸಿಸಿಐಗೆ ಇದೆ. ಅಂದರೆ ಕಾನೂನಿನ ಅಪರಾಧ ಒಂದು ತಕ್ಕಡಿ, ಆಟದ ಅಪರಾಧ ಇನ್ನೊಂದು ತಕ್ಕಡಿ. ಒಂದರಲ್ಲಿ ಬಿಡುಗಡೆಯಾದರೆ ಇನ್ನೊಂದರಲ್ಲಿ ಪದಕ ಬರಲ್ಲ. ಹಾಗೇ, ಒಂದರಲ್ಲಿ ತೀರ್ಪು ಬಿದ್ದುಹೋದ ಮೇಲೆ ಇನ್ನೊಂದರಲ್ಲಿ ಅದು ಉಳಿದಿದೆ ಅಂತ ನಟಿಸೋದೂ ಸರಿಯಲ್ಲ.

2019ರಲ್ಲಿ ಅಜರ್ ಹೈದರಾಬಾದ್ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾದರು. ಆ ವರ್ಷದ ಕೊನೆಗೆ ಉಪ್ಪಲ್ ಸ್ಟೇಡಿಯಂನ ಉತ್ತರ ಸ್ಟ್ಯಾಂಡಿಗೆ ಅವರ ಹೆಸರು ಬಂತು. 2025ರ ಏಪ್ರಿಲ್‌ನಲ್ಲಿ ಸಂಸ್ಥೆಯ ಒಂಬುಡ್ಸ್‌ಮನ್, ಅಧ್ಯಕ್ಷರಾಗಿದ್ದವರೇ ತಮ್ಮ ಹೆಸರಿಡೋ ನಿರ್ಧಾರದಲ್ಲಿ ಭಾಗಿಯಾದದ್ದು ಹಿತಾಸಕ್ತಿ ಸಂಘರ್ಷ ಅಂತ ಹೇಳಿ ಹೆಸರು ತೆಗೀರಿ ಅಂದರು. ಅಜರ್ ಹೈಕೋರ್ಟಿಗೆ ಹೋದರು, ಕೋರ್ಟ್ ತಡೆ ಕೊಟ್ಟಿತು.

ಗಮನಿಸಿ, ಜಗಳ 2000ದ ವಿಷಯಕ್ಕಲ್ಲ. ಯಾರು ಯಾರಿಗೆ ಗೌರವ ಕೊಟ್ಟರು ಅನ್ನೋದಕ್ಕೆ. ಅಧಿಕಾರದಲ್ಲಿರೋರು ಅಧಿಕಾರದಲ್ಲಿರುವಾಗಲೇ ತಮ್ಮ ಪೀಠ ಕಟ್ಟಿಕೊಳ್ಳೋದು ನೀಲ್ ಪ್ರತಿಮೆಯ ಕಾಲದಿಂದಲೂ ಇರೋ ರೋಗ. ಅವನ ಪ್ರತಿಮೆಯನ್ನೂ ಮದ್ರಾಸಿನ ಜನ ಕೇಳಿ ಹಾಕಿಸಿದ್ದಲ್ಲ.

ನನ್ನ ತೀರ್ಮಾನ ಕೇಳ್ತೀರಾ? ಅಜರ್ ಅವರ ಬ್ಯಾಟು, ಚೆಪಾಕ್‌ನ ಆ 105, ನಿಷೇಧದ ಆದೇಶ, ಹೈಕೋರ್ಟ್ ತೀರ್ಪು, ನಾಲ್ಕೂ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಇರಬೇಕು. ಸ್ಟ್ಯಾಂಡಿನ ಹೆಸರು ಬೇಡ. ಸ್ಟ್ಯಾಂಡಿನ ಮೇಲೆ ಅಡಿಟಿಪ್ಪಣಿ ಬರೆಯೋಕೆ ಜಾಗ ಇರಲ್ಲ.

ಇನ್ನು, ಫಿಕ್ಸಿಂಗ್ ನಿರ್ವಿವಾದವಾಗಿ ಸಾಬೀತಾದರೆ ಅಲ್ಲಿ ನಾನು ಡೋಪಿಂಗ್‌ಗಿಂತ ಕಠಿಣ. ಡೋಪಿಂಗ್‌ನಲ್ಲಿ ಒಬ್ಬ ಗೆಲ್ಲೋಕೆ ಅಡ್ಡದಾರಿ ಹಿಡೀತಾನೆ, ಆ ದಾರಿಗೆ ತಾರೀಖು ಹಾಕಬಹುದು. ಫಿಕ್ಸಿಂಗ್‌ನಲ್ಲಿ ಆಟವೇ ನಾಟಕ ಆಗುತ್ತೆ. ಒಂದು ಪಂದ್ಯ ಮಾರಿದವನ ಉಳಿದ ಪಂದ್ಯಗಳನ್ನೂ ನೋಡಿದವರು ಅನುಮಾನದಿಂದಲೇ ನೆನಪಿಸಿಕೊಳ್ಳಬೇಕಾಗುತ್ತೆ. ಅವನ ಜೊತೆ ಪ್ರಾಮಾಣಿಕವಾಗಿ ಆಡಿದ ಹತ್ತು ಜನರ ಬೆವರಿಗೂ ಅದು ಮಸಿ ಬಳಿಯುತ್ತೆ. ಅಂಥವರಿಗೆ ಪೀಠ ಬೇಡ. ದಾಖಲೆಯಲ್ಲಿ ಮಾತ್ರ ಖಂಡಿತ ಇರಬೇಕು, ಏನು ಮಾಡಿದರು ಅನ್ನೋದರ ಜೊತೆ.

ನಮಗೇನು ಕೆಲಸ?

‘ನಾವು ಕೋಡ್ ಬರೆಯೋರು, ಹಾಲ್ ಆಫ್ ಫೇಮ್ ಕಟ್ಟೋದು ನಮ್ಮ ಕೆಲಸವಾ’ ಅಂತ ಕೇಳಬಹುದು. ದೊಡ್ಡದು ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ಚೆನ್ನೈನಲ್ಲಿ, ಪುಣೆಯಲ್ಲಿ, ಸಿಂಗಪುರದಲ್ಲಿ, ಡಲ್ಲಾಸ್‌ನಲ್ಲಿ ಕನ್ನಡ ಸಂಘಗಳು ಪ್ರತಿ ರಾಜ್ಯೋತ್ಸವಕ್ಕೂ ಯಾರಿಗೋ ಒಬ್ಬರಿಗೆ ಸನ್ಮಾನ ಮಾಡ್ತಾವೆ. ಆ ಪಟ್ಟಿಯಲ್ಲಿ ಕೂರೋರು ನಮ್ಮಲ್ಲೇ ಒಬ್ಬರು. ಅಲ್ಲಿ ನಡೆಯೋದು ಏನು? ಹೆಸರು ಬಂದ ತಕ್ಷಣ ಒಬ್ಬರು ಫೋನ್ ತೆಗೆದು ಹುಡುಕ್ತಾರೆ, ಹಳೇ ಸುದ್ದಿಯ ತಲೆಬರಹ ಒಂದು ಸಿಗುತ್ತೆ, ‘ಅಯ್ಯೋ ಬೇಡಪ್ಪ, ಯಾಕೆ ಗಲಾಟೆ’ ಅಂತ ಹೆಸರು ಹೋಗುತ್ತೆ. ಅಥವಾ ಏನೂ ಹುಡುಕದೆ, ಫೇಮಸ್ ಇದ್ದಾರೆ ಅನ್ನೋ ಒಂದೇ ಕಾರಣಕ್ಕೆ ಹಾರ ಬೀಳುತ್ತೆ. ಎರಡೂ ಸೋಮಾರಿತನವೇ.

ಅದರ ಬದಲು ಈ ಮೂರು ಪ್ರಶ್ನೆ ಕೇಳಿ. ವಿಚಾರಣೆ ಆಗಿದೆಯಾ, ಬರೀ ಗುಲ್ಲಾ? ನಾವು ಗೌರವಿಸ್ತಿರೋ ಸಾಧನೆಗೇ ಕೊಳೆ ಹತ್ತಿದೆಯಾ, ಅಥವಾ ಬೇರೆ ವರ್ಷದ ಬೇರೆ ಕೆಲಸಕ್ಕಾ? ಈ ಗೌರವದಿಂದ ಲಾಭ ಯಾರಿಗೆ, ಹೆಸರು ಸೂಚಿಸಿದವರು ಯಾರು? ಮೂರಕ್ಕೂ ಉತ್ತರ ಸಿಕ್ಕ ಮೇಲೆ ಸನ್ಮಾನ ಮಾಡಿದರೂ ಸರಿ, ಬಿಟ್ಟರೂ ಸರಿ, ಸನ್ಮಾನ ಪತ್ರದಲ್ಲಿ ನಿಜವನ್ನ ಪೂರ್ತಿ ಬರೀರಿ. ಹತ್ತು ವರ್ಷ ಓಡಿದವರಿಗೆ ಆ ಎರಡನೇ ಸಾಲನ್ನ ಹೊರೋ ಶಕ್ತಿ ಇರುತ್ತೆ. ಅದನ್ನ ಮುಚ್ಚಿಟ್ಟಾಗಲೇ ಅವರಿಗೆ ಹೆಚ್ಚು ಭಾರ.

ಎಗ್ಮೋರ್ ಹಾಕಿ ಮೈದಾನದ ಬಗ್ಗೆ ಇನ್ನೊಂದು ಮಾತು ಬಾಕಿ ಇದೆ. 2007ರಲ್ಲಿ ಅಲ್ಲಿ ಏಷ್ಯಾ ಕಪ್ ಗೆದ್ದ ತಂಡದಲ್ಲಿ ಕೊಡಗಿನ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್ ಇದ್ದರು. ಎರಡು ವಾರದಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದಿತು, ಕ್ರಿಕೆಟಿಗರ ಮೇಲೆ ಬಹುಮಾನದ ಮಳೆ. ಹಾಕಿಯವರನ್ನ ಎಲ್ಲರೂ ಮರೆತರು. ಕರ್ನಾಟಕದ ಆಟಗಾರರು ಮುಖ್ಯಮಂತ್ರಿ ಮನೆ ಮುಂದೆ ಉಪವಾಸ ಕೂರ್ತೀವಿ ಅಂದ ಮೇಲೆ ಸರ್ಕಾರಕ್ಕೆ ನೆನಪಾಯಿತು. ಅವರ ಮೇಲೆ ಯಾವ ಕಳಂಕವೂ ಇರಲಿಲ್ಲ. ಕೆಟ್ಟವರಿಗೆ ಜಾಗ ಕೊಡಬೇಕಾ ಅಂತ ವರ್ಷಗಟ್ಟಲೆ ಜಗಳ ಆಡೋ ನಾವು, ಏನೂ ತಪ್ಪು ಮಾಡದವರ ಹೆಸರನ್ನ ಎಲ್ಲಿ ಬರೆದಿದ್ದೀವಿ ಅನ್ನೋದನ್ನೂ ಒಂದು ಸಲ ನೋಡಿಕೊಳ್ಳಬೇಕು.

ಚೆನ್ನೈನಲ್ಲಿ ಇರೋರು ಬಿಡುವಾದಾಗ ಮಕ್ಕಳನ್ನ ಎಗ್ಮೋರ್ ಮ್ಯೂಸಿಯಂಗೆ ಕರಕೊಂಡು ಹೋಗಿ, ಶುಕ್ರವಾರ ರಜೆ. ನೀಲ್ ಕಥೆ ಹೇಳಿ. ‘ಕೆಟ್ಟವನಾದರೆ ಯಾಕೆ ಇಟ್ಟುಕೊಂಡಿದ್ದಾರೆ’ ಅಂತ ಅವರು ಕೇಳೇ ಕೇಳ್ತಾರೆ. ಉತ್ತರ ಹೇಳೋಕೆ ಮುಂಚೆ ಅವರಿಗೇನು ಅನ್ನಿಸುತ್ತೆ ಅಂತ ಕೇಳಿ ನೋಡಿ.